ಸದ್ದು ಕಡಿಮೆಯ ತೋಟೆ

"ಇದು ಹನ್ನೆರಡು ಬೋರಿನದು," ಎನ್ನುತ್ತಾ ಅಬ್ದುಲ್ ವಹಾಬರು ಹೆಬ್ಬೆರಳು ದಪ್ಪದ ಬಂದೂಕಿನ ತೋಟೆಯೊಂದನ್ನು ಗಾಜಿನ ಪೆಟ್ಟಿಗೆಯ ಮೇಲೆ ನಿಲ್ಲಿಸಿದರು. ಪಕ್ಕದಲ್ಲಿ ಕಿರುಬೆರಳಿನಷ್ಟು ತೆಳ್ಳಗಿನ ಇನ್ನೊಂದನ್ನು ಇಟ್ಟರು. "ಇದು ಫೋರ್‌ಟೆನ್. ಮದ್ದು ಕಡಿಮಿ, ಸೀಸದ ಚರಿ ಕಡಿಮಿ, ಭುಜಕ್ಕ ಒದಿಯಂಗಿಲ್ಲ. ಹತ್ರದಾಗಿನ ಹೆಗ್ಗಣಕ್ಕ, ಇಲಿಗೆ ಬೇಕಾದಷ್ಟಾತು. ದೂರದ್ದಕ್ಕ, ದೊಡ್ಡದಕ್ಕ ಉಪಯೋಗಿಲ್ಲ."

ನನ್ನ ಮಗ ಪಾಲಾಕ್ಷ ಆ ಸಣ್ಣದನ್ನು ಅಂಗೈ ಮೇಲಿಟ್ಟುಕೊಂಡು ತೂಗಿದ.

"ಸದ್ದು ಹೆಂಗ್ರಿ?"

"ದೀಪಾವಳಿ ಪಟಾಕಿ ಹಾರಿಸಿದಂಗ. ಅಷ್ಟ."

"ಇದಕಿಂತ ಸಣ್ಣದು ಐತೇನು?"

ವಹಾಬರು ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. ಕೊಟ್ಟೂರಿನಲ್ಲಿ ಬಂದೂಕು ರಿಪೇರಿಗೆ ಲೈಸೆನ್ಸ್ ಇರುವವರು ಅವರೊಬ್ಬರೇ. ಅವರ ತಂದೆಯ ಕಾಲದಿಂದ ಆ ಅಂಗಡಿ ಇದೆ. ಈಗ ಬಂದೂಕಿಗಿಂತ ಬೋರ್‌ವೆಲ್ ಮೋಟಾರಿನ ಕೆಲಸವೇ ಹೆಚ್ಚು.

"ಇನ್ನೊಂದು ಜಾತಿ ಐತಿ. ಯಾವ ಕಂಪನಿನೂ ಮಾಡಂಗಿಲ್ಲ ಅದನ್ನ. ಹೊರದೇಶದಾಗ ಶೋಕಿ ಇರೋರು ಒಂದು ಬಂದೂಕಿನ ತೋಟಿ ತಗೊಂಡು, ಅದರ ಬಾಯಿ ಸಣ್ಣ ಮಾಡಿ, ತಮಗ ಎಷ್ಟು ಬೇಕೋ ಅಷ್ಟ ಮದ್ದು ತುಂಬಿ, ಅದಕ್ಕ ತಕ್ಕಂಗ ನಳಿಗಿನೂ ಮಾಡಿಸ್ಕೊಂತಾರಂತ. ನಮ್ಮ ಅಪ್ಪ ಹೇಳ್ತಿದ್ದರು. ಇಲ್ಲಿ ಮಾಡಿದಿ ಅಂದ್ರ ನಾನೂ ಜೈಲಿಗೆ, ನೀನೂ ಜೈಲಿಗೆ."

"ಇರೋ ತೋಟಿ ಬಿಚ್ಚಿ, ಅರ್ಧ ಮದ್ದು ತಗದ್ರ?"

ವಹಾಬರ ಕೈ ನಿಂತಿತು. ಎರಡೂ ತೋಟೆಗಳನ್ನು ಎತ್ತಿ ಡಬ್ಬಿಯೊಳಗೆ ಹಾಕಿದರು.

"ಚರಿ ನಳಿಗ್ಯಾಗ ಸಿಕ್ಕೊಂಡು, ಮುಂದಿನ ಏಟಿಗೆ ನಳಿಗಿ ಒಡದು ಮಾರಿಗೆ ಬಡಿತೈತಿ. ಯಾರು ಹೇಳಿಕೊಟ್ರು ನಿನಗ ಇದನ್ನ?"

"ಯಾರೂ ಇಲ್ರಿ. ಸುಮ್ನ ಕೇಳಿದೆ."

ಬೆಂಚಿನ ಮೇಲೆ ಸಂತೆಯ ಚೀಲ ಹಿಡಿದು ಕುಳಿತಿದ್ದ ನನ್ನತ್ತ ವಹಾಬರು ತಿರುಗಿದರು. "ಹೊನ್ನೂರಮ್ಮ, ಹಂದಿ ಕಾಯೋ ಬಂದೂಕಿಗೆ ಸದ್ದ ಜೀವ. ನಿನ್ನ ಗಂಡ ಗಾದಿಲಿಂಗಣ್ಣ ಇದ್ದಾಗ ಇನ್ನೂ ದೊಡ್ಡ ಸದ್ದಿನದು ಕೊಡ್ರಿ ಅಂತ ಗಂಟು ಬೀಳ್ತಿದ್ದ. ನಿನ್ನ ಮಗ ಸದ್ದು ಬ್ಯಾಡ ಅಂತಾನಲ್ಲ?"

"ಹಂದಿ ಈಗ ಬರಂಗಿಲ್ರಿ," ಎಂದು ಪಾಲಾಕ್ಷ ನನ್ನ ಬದಲು ಉತ್ತರಿಸಿದ. "ಬರೇ ಹೆಗ್ಗಣ."

ಬಂದೂಕು ಬದಲಿಸುವುದಿದ್ದರೆ ಮೊದಲು ಕಚೇರಿಯಲ್ಲಿ ಅರ್ಜಿ ಕೊಟ್ಟು ಲೈಸೆನ್ಸಿನಲ್ಲಿ ತಿದ್ದಿಸಿಕೊಂಡು ಬರಬೇಕು, ಅರ್ಜಿಗೆ ನನ್ನ ಸಹಿಯೇ ಆಗಬೇಕು ಎಂದು ವಹಾಬರು ಹೇಳಿದರು. ಯೋಚನೆ ಮಾಡುತ್ತೇವೆ ಎಂದು ನಾನು ಎದ್ದೆ. ಮಗ ಬೈಕು ತೆಗೆಯಲು ಮುಂದೆ ಹೋದಾಗ ಅವರು ದನಿ ತಗ್ಗಿಸಿದರು.

"ತಂಗೆಮ್ಮ, ಸದ್ದು ಆಗಬಾರದು ಅಂತ ಬಂದೂಕು ಕೇಳೋರು ಎರಡ ಜಾತಿ. ಒಬ್ಬ ನವಿಲು ಹೊಡಿಯೋನು. ಇನ್ನೊಬ್ಬನ್ನ ನಾ ಹೇಳಂಗಿಲ್ಲ. ಲೈಸೆನ್ಸ್ ನಿನ್ನ ಹೆಸರಿಲೆ ಐತಿ, ನೋಡ್ಕೊ."

ಆ ಲೈಸೆನ್ಸ್ ನನ್ನ ಹೆಸರಿಗೆ ಬಂದದ್ದು ನನ್ನ ಗಂಡ ಎದೆನೋವಿನಿಂದ ತೀರಿಕೊಂಡ ಮೇಲೆ. ಬಂದೂಕನ್ನು ಠಾಣೆಗೆ ಒಪ್ಪಿಸಬೇಕು, ಇಲ್ಲವೇ ವಾರಸುದಾರರು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು ಎಂದರು. ಪಾಲಾಕ್ಷನಿಗೆ ಆಗ ವಯಸ್ಸು ಸಾಲದು. ಗುಡ್ಡದ ಅಂಚಿನ ನಮ್ಮ ಶೇಂಗಾ ಹೊಲವನ್ನು ಬರಿಗೈಯಲ್ಲಿ ಕಾಯುವುದು ಆಗದ ಮಾತು. ನಾನೇ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪೊಲೀಸರ ಮೈದಾನದಲ್ಲಿ ಗುರಿ ಹೊಡೆಯುವುದನ್ನು ಕಲಿತೆ. ಭುಜ ಕಪ್ಪಾಗಿ ಎಷ್ಟೋ ದಿನ ರೊಟ್ಟಿ ತಟ್ಟಲಾಗಲಿಲ್ಲ. ಆಮೇಲೆ ಮಗನಿಗೆ ವಯಸ್ಸು ತುಂಬಿತು. ನನ್ನ ಜೊತೆಗಾರನೆಂದು ಅವನ ಹೆಸರನ್ನೂ ಸೇರಿಸಿದರು. ಬಂದೂಕು ಹಿಡಿದು ಹೊಲ ಕಾಯುವವನು ಅವನು. ಏನಾದರೂ ಆದರೆ ಕೇಳುವುದು ನನ್ನನ್ನು.

ಬೈಕಿನ ಮೇಲೆ ಮನೆಗೆ ಬರುವಾಗ ನಾನು ಅವನ ಬೆನ್ನನ್ನೇ ನೋಡುತ್ತಿದ್ದೆ. ಅದು ಹಲಗೆಯ ಹಾಗೆ ಬಿಗಿದಿತ್ತು. ಚಿಕ್ಕವನಿದ್ದಾಗಿನಿಂದಲೂ ಅವನು ಹಾಗೆ, ತಪ್ಪು ಮಾಡಿದರೆ ಬೆನ್ನು ಬಿಗಿ ಮಾಡಿಕೊಳ್ಳುತ್ತಾನೆ.

ಮರುದಿನ ದನಗಳಿಗೆ ಮೇವು ಹಾಕಿ, ಮಜ್ಜಿಗೆ ಕಡೆದಿಟ್ಟು, ಹೊಲಕ್ಕೆ ಹೋದೆ. ಶೇಂಗಾ ಕಿತ್ತು ಬಳ್ಳಿ ಸಮೇತ ಗೂಡು ಹಾಕಿದ್ದೆವು. ಬಳ್ಳಿ ಒಣಗಿದ ಮೇಲೆ ಬಡಿಯಬೇಕು. ಗುಡ್ಡದ ಕಡೆಯ ಎರಡು ಗೂಡುಗಳ ಬುಡ ಕಿತ್ತುಹೋಗಿತ್ತು. ನೆಲ ಮೂತಿಯಿಂದ ಉತ್ತ ಹಾಗೆ ಕೆದರಿತ್ತು, ಹಸಿಮಣ್ಣಿನಲ್ಲಿ ಗೊರಸಿನ ಗುರುತು ಮೂಡಿತ್ತು. ಹೆಗ್ಗಣಕ್ಕೆ ಗೊರಸು ಇರುವುದಿಲ್ಲ.

ಪಕ್ಕದ ಹೊಲದಲ್ಲಿ ನನ್ನ ಮೈದುನ ಬೊಮ್ಮಪ್ಪ ಗೂಡು ತಿರುವಿ ಹಾಕುತ್ತಿದ್ದ. ಬದುವಿನ ಮೇಲೆ ಬಂದು ಕುಂತು ಎಲೆಯಡಿಕೆ ಬಿಚ್ಚಿದ.

"ಏನತ್ತಿಗಿ, ಹಂದಿಗೆ ಊಟಕ್ಕ ಹಾಕೀರೇನು ಈ ಸಲ?"

"ಪಾಲಾಕ್ಷ ಕಾಯಾಕತ್ಯಾನಲ್ಲಪ್ಪ."

"ಕಾಯ್ತಾನ, ಇಲ್ಲ ಅನ್ನಂಗಿಲ್ಲ. ಆದ್ರ ಬಂದೂಕು ಮಾತಾಡವಲ್ದು." ಅವನು ಸುಣ್ಣ ತೀಡಿದ. "ಶೇಂಗಾ ಕಿತ್ತ ಹೊಸದಾಗಿ ಒಂದಿನ ಬೆಳಕು ಹರಿಯೋ ಹೊತ್ನಾಗ ಹಾರಿಸಿದ ನೋಡು, ಅದ ಕಡೀ ಸಲ. ಅವತ್ತೂ ನಾ 'ಹೋ' ಅಂತ ಕೂಗಿದ್ರ ಉತ್ತರ ಇಲ್ಲ."

ನಮ್ಮ ಕಡೆ ಒಂದು ಹೊಲದಲ್ಲಿ ಬಂದೂಕು ಹಾರಿದರೆ ಸುತ್ತಲಿನ ಹೊಲದವರು 'ಹೋ' ಎಂದು ಕೂಗುತ್ತಾರೆ, ಹಾರಿಸಿದವನು 'ಹೋ' ಎಂದು ತಿರುಗಿ ಕೂಗಬೇಕು. ಎಲ್ಲ ಕ್ಷೇಮ ಎಂದು ಅದರ ಅರ್ಥ. ಮೈಯಲ್ಲಿ ಜ್ವರ ಇದ್ದರೂ ನನ್ನ ಗಂಡ ಉತ್ತರ ಕೊಡದೆ ಬಿಟ್ಟವನಲ್ಲ.

"ನಿದ್ದಿಗಣ್ಣಾಗ ಮರೆತಿರಬೇಕು," ಎಂದೆ.

"ಮರೀತಾನ, ಮರೀತಾನ." ಬೊಮ್ಮಪ್ಪ ಎಲೆ ಬಾಯಿಗಿಟ್ಟುಕೊಂಡ. "ನಿಮ್ಮ ಹೊಲಕ್ಕ ಕೂಲಿಗೆ ಬರೋ ಚೌಡಕ್ಕನ ಮನಿ ದಾರಿ ಮಾತ್ರ ಮರೆಯಂಗಿಲ್ಲ. ದಿನಾ ಹೊತ್ತು ಮುಳುಗೋ ಹೊತ್ತಿಗೆ ಕೈಚೀಲ ಹಿಡಕೊಂಡು ಹೋಗ್ತಾನ."

"ಚೌಡಕ್ಕನ ಮನಿಗೆ? ಯಾಕ?"

"ನನ್ನ ಕೇಳಿದ್ರ? ಆಕಿ ಅಳಿಯ ಗವಿಸಿದ್ದೇಶ ಹರಪನಹಳ್ಳಿ ಕಡೆಯಿಂದ ಬಂದು ಹೋಗಿ ಮಾಡ್ತಿರ್ತಾನ. ಅವನ ಕಸುಬು ಏನು ಅಂತ ಮಂದಿ ಹೇಳ್ತಾರ, ನಾ ಹೇಳಂಗಿಲ್ಲ. ಗುಡ್ಡದಾಚಿ ಎಮ್ಮಿ ಬಾಯಿ ಹಾರಿಹೋತಲ್ಲ, ಹಿಟ್ಟಿನ ಉಂಡಿ ತಿಂದು? ಮದ್ದು ಎಲ್ಲೋ ಒಂದು ಕಡೆಯಿಂದ ಬರಬೇಕಲ್ಲ ಅತ್ತಿಗಿ."

ಹಂದಿ ಕೊಲ್ಲಲು ಹಿಟ್ಟಿನ ಉಂಡೆಯೊಳಗೆ ಸಿಡಿಮದ್ದು ಇಟ್ಟು ಹಾದಿಯಲ್ಲಿ ಎಸೆಯುವವರು ಇದ್ದಾರೆ. ಆ ಎಮ್ಮೆಯನ್ನು ನಾನು ನೋಡಿದ್ದೆ. ಕೆಳದವಡೆ ಇರಲಿಲ್ಲ. ಎರಡು ದಿನ ಹಾಗೆಯೇ ನಿಂತುಕೊಂಡಿತ್ತು, ನೀರು ಕುಡಿಯಲೂ ಆಗದೆ. ಅದೇ ದಾರಿಯಲ್ಲಿ ಮಕ್ಕಳು ಬಾರೆಹಣ್ಣು ಆರಿಸಲು ಹೋಗುತ್ತವೆ.

ಮನೆಗೆ ಬಂದು ಒಲೆಯ ಮೇಲೆ ಬೇಳೆ ಇಟ್ಟು ಬಂದೂಕಿನ ಪೆಟ್ಟಿಗೆ ತೆಗೆದೆ. ಬೀಗದ ಕೈ ಒಂದು ನನ್ನ ಹತ್ತಿರ, ಒಂದು ಅವನ ಹತ್ತಿರ ಇರುತ್ತದೆ. ಬಂದೂಕಿಗೆ ಎಣ್ಣೆ ಹಚ್ಚಿ ಬಟ್ಟೆ ಸುತ್ತಿಟ್ಟಿದ್ದ. ತೋಟೆಗಳ ಚೀಲವನ್ನು ಮಡಿಲಿಗೆ ಸುರಿದುಕೊಂಡೆ. ಕೆಲವು ಸರಿಯಾಗಿಯೇ ಇದ್ದವು. ಕೆಲವುಗಳ ಬಾಯಿ ಬಿಚ್ಚಿ ಮೇಣದಬತ್ತಿಯ ಮೇಣದಿಂದ ಮುಚ್ಚಿದ್ದ. ಎತ್ತಿ ನೋಡಿದರೆ ಹಗುರ. ಪೆಟ್ಟಿಗೆಯ ಮೂಲೆಯಲ್ಲಿ ಒಂದು ಬೇಳೆಕಾಳಿನ ಡಬ್ಬಿ, ಅದರ ತಳದಲ್ಲಿ ಮದ್ದು, ಜೊತೆಗೆ ಒಂದು ಮುಷ್ಟಿ ಸೀಸದ ಚರೆ.

ನಾನು ಗೋಡೆಗೆ ಒರಗಿ ಕುಳಿತೆ. ಒಲೆಯ ಮೇಲೆ ಬೇಳೆ ಉಕ್ಕಿ ಬೂದಿಗೆ ಬಿದ್ದದ್ದು ವಾಸನೆ ಬಂದ ಮೇಲೆ ಗೊತ್ತಾಯಿತು.

ಮಧ್ಯಾಹ್ನ ಅವನು ಊಟಕ್ಕೆ ಬಂದ. ರೊಟ್ಟಿ ಬಡಿಸುತ್ತಾ, "ಹಂದಿ ಬಂದಿದ್ವೇನೋ ರಾತ್ರಿ?" ಎಂದೆ.

"ಇಲ್ಲವ್ವ."

"ಗುಡ್ಡದ ಕಡಿ ಗೂಡು ಕೆದರೈತಲ್ಲ?"

"ನಾಯಿ ಇರಬೇಕು."

ನಿನ್ನೆ ಹೆಗ್ಗಣ, ಇವತ್ತು ನಾಯಿ. ಅವನು ರೊಟ್ಟಿಯನ್ನು ಚೂರು ಚೂರು ಮಾಡುತ್ತಿದ್ದನೇ ಹೊರತು ತಿನ್ನುತ್ತಿರಲಿಲ್ಲ. ಕಣ್ಣ ಕೆಳಗೆ ಕಪ್ಪು ಬಂದಿತ್ತು. ಕೇಳಿಬಿಡಲೇ ಎಂದು ಬಾಯಿಗೆ ಬಂದದ್ದನ್ನು ನುಂಗಿದೆ. ಮಕ್ಕಳನ್ನು ಗದರಿಸಿ ಕೇಳಿದರೆ ಬರುವುದು ಇನ್ನೊಂದು ಸುಳ್ಳು. ಸ್ವಲ್ಪ ಸುಮ್ಮನಿದ್ದರೆ ತಾವೇ ಬಂದು ಮಡಿಲಲ್ಲಿ ಹಾಕುತ್ತಾರೆ. ಆದರೆ ಮದ್ದಿನ ಮಾತಿನಲ್ಲಿ ಎಷ್ಟು ಹೊತ್ತು ಸುಮ್ಮನಿರುವುದು?

"ಆ ಸಣ್ಣ ಬಂದೂಕಿನ ಅರ್ಜಿಗೆ ಯಾವಾಗ ಸಹಿ ಮಾಡ್ತಿ?" ಎಂದು ಅವನೇ ಕೇಳಿದ.

"ಅವಸರ ಏನೈತಿ?"

"ಐತವ್ವ, ಅವಸರ ಐತಿ," ಎಂದು ತಟ್ಟೆ ಬಿಟ್ಟು ಎದ್ದ.

ಸಂಜೆ ಅವನು ಕೈಚೀಲ ಹಿಡಿದು ಹೊರಟಾಗ ನಾನು ಕೊಟ್ಟಿಗೆಯ ಮರೆಯಲ್ಲಿ ನಿಂತು ನೋಡಿದೆ. ಹೊಲದ ದಾರಿಗೆ ತಿರುಗುವ ಬದಲು ಕೆಳಗಿನ ಕೇರಿಯ ಕಡೆ ತಿರುಗಿದ. ಹೋಗುವಾಗ ಒಂದು ಸಲ ಹಿಂದೆ ನೋಡಿದ. ನನ್ನ ಮಗ ಕಳ್ಳನ ಹಾಗೆ ಹಿಂದೆ ತಿರುಗಿ ನೋಡಿದ್ದು ನಾನು ಕಂಡಂತೆ ಅದೇ ಮೊದಲು.

ಬೆಳಿಗ್ಗೆ ಅವನು ಹೊಲದಿಂದ ಬರುವ ಮೊದಲೇ ಒಂದು ಚೆಂಬು ಮಜ್ಜಿಗೆ, ಸ್ವಲ್ಪ ಶೇಂಗಾಪುಡಿ ತೆಗೆದುಕೊಂಡು ಚೌಡಕ್ಕನ ಮನೆಗೆ ಹೋದೆ. ನಾನು ಮದುವೆಯಾಗಿ ಬಂದ ವರ್ಷದಿಂದ ಚೌಡಕ್ಕ ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಾಳೆ. ಪಾಲಾಕ್ಷನಿಗೆ ನೀರೆರೆದು ತೊಟ್ಟಿಲಿಗೆ ಹಾಕುತ್ತಿದ್ದವಳು ಅವಳೇ. ಶೇಂಗಾ ಕಿತ್ತ ಮೇಲೆ ಅವಳು ಕೆಲಸಕ್ಕೆ ಬಂದಿರಲಿಲ್ಲ, ಕಾಲಿಗೆ ಮುಳ್ಳು ನಟ್ಟಿದೆ ಎಂದು ಹೇಳಿಕಳಿಸಿದ್ದಳು. ನಾನು ನನ್ನ ಕೆಲಸದ ಗಡಿಬಿಡಿಯಲ್ಲಿ ಹೋಗಿ ನೋಡಿರಲಿಲ್ಲ.

ಬಾಗಿಲಲ್ಲಿ ಗವಿಸಿದ್ದೇಶನ ಚಪ್ಪಲಿ ಇದೆಯೇ ಎಂದು ಮೊದಲು ನೋಡಿದೆ. ಇರಲಿಲ್ಲ. ಒಳಗೆ ಚೌಡಕ್ಕ ಕೌದಿಯ ಮೇಲೆ ಕಾಲು ಚಾಚಿ ಮಲಗಿದ್ದಳು. ನನ್ನನ್ನು ಕಂಡೊಡನೆ ಕೌದಿ ಎಳೆದು ಕಾಲು ಮುಚ್ಚಿಕೊಂಡಳು.

"ಬಾ ಯವ್ವಾ... ನೀ ಯಾಕ ಬರಾಕ ಹೋದಿ? ಆರಾಮ ಅದೀನಿ ನಾನು."

"ಮುಳ್ಳು ಎಲ್ಲಿ ನಟ್ಟೈತಿ?"

"ಇಲ್ಲೇ, ಮೀನಖಂಡದಾಗ. ಜಾಲಿಮುಳ್ಳು."

ನಾನು ಕಣ್ಣಾಡಿಸಿದೆ. ಗೋಡೆಯ ಗೂಡಿನಲ್ಲಿ ಗುಳಿಗೆಯ ಹಾಳೆ, ಪಕ್ಕದಲ್ಲಿ ಕಾಗದದಲ್ಲಿ ಸುತ್ತಿದ ಬನ್ನು. ಹಗ್ಗದ ಮೇಲೆ ಒಣಗುತ್ತಿದ್ದ ಟವೆಲು ನಮ್ಮ ಮನೆಯದು. ಸಿಡಿಮದ್ದಿನ ಸುಳಿವು ಎಲ್ಲಿಯೂ ಇಲ್ಲ. ಆದರೂ ಮನಸ್ಸು ಒಪ್ಪಲಿಲ್ಲ. ಮೂಲೆಯಲ್ಲಿದ್ದ ಗಡಿಗೆಯ ಮುಚ್ಚಳ ಎತ್ತಿ ನೋಡಿದೆ. ಜೋಳ ಇತ್ತು. ಅದರ ಪಕ್ಕದ ಸಣ್ಣ ಗಂಟನ್ನು ಮುಟ್ಟುವುದಕ್ಕೂ, ಚೌಡಕ್ಕ ಕೂಗುವುದಕ್ಕೂ ಸರಿಯಾಯಿತು.

"ಅದನ್ನ ಮುಟ್ಟಬ್ಯಾಡ!"

ಗಂಟು ಬಿಚ್ಚಿದೆ. ಒಳಗೆ ಶೇಂಗಾ ಇತ್ತು. ಮಣ್ಣು ಮೆತ್ತಿದ, ಒಂದೊಂದಾಗಿ ನೆಲದಿಂದ ಕೆದರಿ ತೆಗೆದ ಕಾಯಿ, ನಾಲ್ಕು ಮುಷ್ಟಿಯೂ ಇಲ್ಲ.

ಚೌಡಕ್ಕ ಮುಖ ಮುಚ್ಚಿಕೊಂಡು ಅಳಲು ಶುರು ಮಾಡಿದಳು. "ಕಳ್ಳಿ ಅನ್ನು, ಯವ್ವಾ. ಊರಾಗ ಹೇಳು. ನೀ ಇನ್ನೂ ಬಿಟ್ಟಿದ್ದಿಲ್ಲ, ನಾ ಹೋಗಿ ಆಯ್ದೆ."

ಆಗ ನನಗೆ ಅರ್ಥವಾಯಿತು. ನಮ್ಮ ಊರಿನಲ್ಲಿ ಶೇಂಗಾ ಕಿತ್ತ ಹೊಲದಲ್ಲಿ ನೆಲದೊಳಗೆ ಉಳಿದ ಕಾಯಿಯನ್ನು ಬಡವರು ಆಯ್ದುಕೊಳ್ಳಬಹುದು. ಆದರೆ ಹೊಲದ ಒಡತಿ ಮೊದಲು ತಾನು ಆಯ್ದು, ಆಮೇಲೆ 'ಇನ್ನು ಬರ್ರಿ' ಎಂದು ಹೇಳಬೇಕು. ಅದಕ್ಕೂ ಮೊದಲು ಹೊಕ್ಕರೆ ಅದು ಕಳವು. ಹಾಗೆ ಹೊಕ್ಕವಳನ್ನು ಮುಂದಿನ ವರ್ಷ ಯಾರೂ ಕೂಲಿಗೆ ಕರೆಯುವುದಿಲ್ಲ. ನಾನು ಈ ಸಲ ಇನ್ನೂ ಹೇಳಿರಲಿಲ್ಲ. ಹೇಳುವುದನ್ನು ಇವತ್ತು, ನಾಳೆ ಎಂದು ಮುಂದೆ ಹಾಕುತ್ತಿದ್ದೆ.

ನಾನು ಹತ್ತಿರ ಕುಳಿತು ಕೌದಿ ಸರಿಸಿದೆ. ಅವಳು ತಡೆಯಲು ನೋಡಿದಳು, ಆಗಲಿಲ್ಲ. ಮೈ ಕಾದ ಹೆಂಚಿನ ಹಾಗಿತ್ತು. ಅರಿಶಿನ ಮೆತ್ತಿದ ಮೀನಖಂಡ ಊದಿ ಹೊಳೆಯುತ್ತಿತ್ತು. ಅದರ ಮೇಲೆ ಅಲ್ಲಲ್ಲಿ ದುಂಡಗಿನ ನೀಲಿ ತೂತುಗಳು, ಜೋಳದ ಕಾಳಿನಷ್ಟು.

ಮುಳ್ಳು ಹೊಕ್ಕ ಗಾಯ ಹಾಗಿರುವುದಿಲ್ಲ. ಪೊಲೀಸರ ಮೈದಾನದಲ್ಲಿ ರಟ್ಟಿನ ಹಲಗೆಯ ಮೇಲೆ ಅಂಥ ತೂತುಗಳನ್ನು ನಾನೇ ಮಾಡಿದ್ದೆ.

"ಯಾರು?" ಎಂದೆ. ಉತ್ತರ ಗೊತ್ತಿದ್ದೂ ಕೇಳಿದೆ.

ಚೌಡಕ್ಕ ಅಳು ನಿಲ್ಲಿಸಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಪ್ರೀತಿ ಇರಲಿಲ್ಲ. "ನನ್ನ ಬಾಯಿ ಮುಚ್ಚಿಸಾಕ ಬಂದಿಯೇನು ಹೊನ್ನೂರಮ್ಮ? ಅದಕ್ಕ ಮಜ್ಜಿಗಿ ತಂದಿಯೇನು? ಬ್ಯಾಡ, ಹೋಗು. ನನ್ನ ಬಾಯಿ ಮುಚ್ಚೇ ಐತಿ. ನಾ ಹೇಳಿದ್ರ ನಾನ ಕಳ್ಳಿ ಆಗ್ತೀನಿ."

"ನನಗ ಗೊತ್ತಿರಲಿಲ್ಲ ಚೌಡಕ್ಕ. ನನ್ನ ಮಗನ ಆಣೆಗೂ."

"ಅವನ ಆಣೆ ಇಡಬ್ಯಾಡ ಈಗ," ಎಂದು ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.

ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ಪಾಲಾಕ್ಷ ನಿಂತಿದ್ದ. ಕೈಯಲ್ಲಿ ಗುಳಿಗೆಯ ಪೊಟ್ಟಣವಿತ್ತು. ನನ್ನನ್ನು ಕಂಡು ಹಿಂದಕ್ಕೆ ಹೋಗಲಿಲ್ಲ, ಮುಂದಕ್ಕೂ ಬರಲಿಲ್ಲ.

"ಒಳಗ ಬಾ," ಎಂದೆ.

ಅವನು ಬಂದು ಚೌಡಕ್ಕನ ಕಾಲ ಬಳಿ ಕುಳಿತ. ಅವನಾಗಿಯೇ ಹೇಳತೊಡಗಿದ. ಗದರಿಸುವುದು ಬೇಕಾಗಲಿಲ್ಲ.

"ಮಬ್ಬು ಬೆಳಕಿತ್ತವ್ವ. ಗೂಡಿನ ಹಿಂದ ಕರ್ರಗ ಬಗ್ಗಿಕೊಂಡು ನೆಲ ಕೆದರಾಕತ್ತಿತ್ತು. ಸದ್ದೂ ಹಂದಿದ. ಕರ್ ಕರ್ ಅಂತ. ತಲಿ ಮ್ಯಾಲೆ ಕಂಬಳಿ ಹೊಚ್ಚಿದ್ಲು. ನಾ ಕೂಗಬೇಕಿತ್ತು ಮೊದ್ಲು. ಅಪ್ಪ ಯಾವಾಗ್ಲೂ ಕೂಗ್ತಿದ್ದ. ಕೂಗಿದ್ರ ಹಂದಿ ಓಡ್ತಾವ ಅಂತ ನಾ..." ಅವನು ಗುಳಿಗೆಯ ಪೊಟ್ಟಣವನ್ನು ನೆಲದ ಮೇಲಿಟ್ಟ. "ಹಾರಿಸಿದ ಮ್ಯಾಲೆ ಅದು 'ಯವ್ವಾ' ಅಂತು."

ಚೌಡಕ್ಕ ಕಣ್ಣು ಮುಚ್ಚಿಕೊಂಡಿದ್ದಳು.

"ಬೊಮ್ಮಪ್ಪ ಕಾಕ ಅತ್ಲಾಗಿಂದ 'ಹೋ' ಅಂದ. ನನಗ ಬಾಯಿ ಬರಲಿಲ್ಲ. ಹೊತಗೊಂಡು ಬಂದು ಇಲ್ಲಿ ಮಲಗಿಸಿದೆ. ಚೌಡಕ್ಕನ ಅಂದ್ಲು, ಯಾರಿಗೂ ಹೇಳಬ್ಯಾಡ, ಆಯಾಕ ಬಂದಿದ್ದೆ ಅಂತ ಗೊತ್ತಾಗ್ತತಿ ಅಂತ. ನಾನೂ... ನನಗೂ ಅದ ಬೇಕಾಗಿತ್ತು. ನಾಕು ಚರಿ ಚಿಮಟಿಲೆ ತಗದೆ. ಇನ್ನೂ ಅದಾವ ಒಳಗ."

"ತೋಟಿ ಯಾಕೋ ಬಿಚ್ಚಿದಿ?"

"ಮತ್ತ ಬಂದೂಕು ಮುಟ್ಟಾಕ ಕೈ ನಡಗ್ತಾವವ್ವ. ಮುಟ್ಟದಿದ್ರ ನೀ ಕೇಳ್ತಿ. ಅದಕ್ಕ ಮದ್ದು ಕಡಿಮಿ ಮಾಡಿದೆ, ಸದ್ದು ಕಡಿಮಿ ಆದ್ರ ಏಟೂ ಕಡಿಮಿ ಅಂತ. ಸಣ್ಣ ಬಂದೂಕಾದ್ರ, ಸಣ್ಣ ಚರಿ ಆದ್ರ, ಮತ್ತೊಂದ್ಸಲ ಹಿಂಗ ತಪ್ಪಾದ್ರೂ..." ಅವನು ಚೌಡಕ್ಕನ ಕಾಲಿನ ಕಡೆ ನೋಡಿದ. "ಮನುಷ್ಯರು ಆದ್ರ ಬದುಕ್ತಾರ."

ನನ್ನ ಮಗ ಇಷ್ಟು ದಿನ ಕೊಟ್ಟೂರಿನಲ್ಲಿ, ಮನೆಯಲ್ಲಿ, ಹೊಲದಲ್ಲಿ ಹುಡುಕುತ್ತಿದ್ದದ್ದು ಮನುಷ್ಯರಿಗೆ ತಾಗಿದರೂ ಕೊಲ್ಲದಂಥ ತೋಟೆಯನ್ನು. ನವಿಲಲ್ಲ, ಸಿಡಿಮದ್ದಲ್ಲ. ಎದೆಯಿಂದ ಒಂದು ಕಲ್ಲು ಇಳಿದು, ಅದಕ್ಕಿಂತ ದೊಡ್ಡದೊಂದು ಅಲ್ಲಿ ಕುಳಿತಿತು. ಅವನ ತಲೆಯನ್ನು ಎಳೆದು ಮಡಿಲಲ್ಲಿ ಇಟ್ಟುಕೊಳ್ಳಬೇಕು ಎನಿಸಿತು. ಕೆನ್ನೆಗೆ ಹೊಡೆಯಬೇಕು ಎಂದೂ ಎನಿಸಿತು. ಎರಡನ್ನೂ ಮಾಡದೆ, ಆ ಕಾಲನ್ನು ಇನ್ನೊಮ್ಮೆ ನೋಡಿದೆ. ಊತ ಮಂಡಿಯ ಹತ್ತಿರ ಬಂದಿತ್ತು.

"ಆಟೋ ಕರಕೊಂಡು ಬಾ," ಎಂದೆ. "ಕೂಡ್ಲಿಗಿ ಆಸ್ಪತ್ರಿಗೆ ಹೋಗೋಣ."

"ಬ್ಯಾಡ!" ಎಂದಳು ಚೌಡಕ್ಕ. "ಅಲ್ಲಿ ಕೇಳ್ತಾರ ಯವ್ವಾ. ಪೊಲೀಸರು ಬರ್ತಾರ."

"ಬರ್ಲಿ."

"ಹುಡುಗನ್ನ ಒಯ್ತಾರ. ಬಂದೂಕು ಒಯ್ತಾರ. ನನ್ನ ಕಳ್ಳಿ ಅಂತಾರ."

"ಕಾಲು ಹೋತಂದ್ರ ಏನ್ಮಾಡ್ತಿ? ಜೀವ ಹೋತಂದ್ರ?"

ಪಾಲಾಕ್ಷ ಎದ್ದು ಹೊರಗೆ ಹೋದ. ಆಟೋ ತರಲು ಹೋದನೋ, ಓಡಿಹೋದನೋ ಎಂದು ನನಗೆ ಖಾತ್ರಿ ಇರಲಿಲ್ಲ. ಹೆತ್ತ ಮಗನ ಮೇಲೆ ಹಾಗೆ ಅನುಮಾನಪಡುತ್ತಾ ಬಾಗಿಲನ್ನೇ ನೋಡುತ್ತಾ ಕುಳಿತೆ. ಚೌಡಕ್ಕನಿಗೆ ಸೀರೆ ಬದಲಿಸಿದೆ, ತಲೆ ಬಾಚಿದೆ. ಆಟೋದ ಸದ್ದು ಕೇಳಿದಾಗ ಅವಳ ಹೆಗಲಿಗೆ ಕೈ ಹಾಕಿ ಎಬ್ಬಿಸಿದೆ.

ಹೆದ್ದಾರಿಗೆ ಬಂದ ಮೇಲೆ ಲಾರಿಗಳ ಗಾಳಿಗೆ ಆಟೋ ಅಲುಗಾಡಿದಾಗಲೆಲ್ಲ ಚೌಡಕ್ಕ ಹಲ್ಲು ಕಚ್ಚುತ್ತಿದ್ದಳು. ಪಾಲಾಕ್ಷ ಅವಳ ಪಾದವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದ. ನಾನು ಮನಸ್ಸಿನಲ್ಲಿ ಮಾತು ಜೋಡಿಸುತ್ತಿದ್ದೆ. ಯಾರೋ ಗೊತ್ತಿಲ್ಲದವರು ಹಾರಿಸಿದರು ಎಂದರೆ? ಗುಡ್ಡದ ಕಡೆಯಿಂದ ಬಂತು ಎಂದರೆ? ಮುಳ್ಳುತಂತಿ ಎಂದರೆ? ತಾಯಿಯಾದವಳಿಗೆ ಇಂಥ ಸುಳ್ಳುಗಳು ಎಷ್ಟು ಬೇಗ ಬರುತ್ತವೆ ಎಂದು ನನಗೇ ಹೆದರಿಕೆಯಾಯಿತು.

ಆಸ್ಪತ್ರೆಯಲ್ಲಿ ಜನ ಕಡಿಮೆ ಇದ್ದರು. ನರ್ಸಮ್ಮ ಕಾಲು ನೋಡಿದವಳೇ ಮುಖ ಎತ್ತಿದಳು.

"ಏನಾಗೈತಿ ಇದು?"

"ಮುಳ್ಳು," ಎಂದಳು ಚೌಡಕ್ಕ.

"ಮುಳ್ಳಲ್ಲ ಇದು. ಖರೇ ಹೇಳ್ರಿ. ಡಾಕ್ಟರು ಕೇಳ್ತಾರ, ಪೊಲೀಸರಿಗೆ ತಿಳಿಸಬೇಕಾಗ್ತತಿ." ಅವಳು ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು.

ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ನಾಲಿಗೆಯ ತುದಿಯಲ್ಲಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಪಾಲಾಕ್ಷ ಅಂದ, "ಚರಿ ತಾಗೈತ್ರಿ. ನಾನು ಹಾರಿಸಿದ್ದು. ಹಂದಿ ಅಂತ ತಿಳಕೊಂಡೆ."

ನರ್ಸಮ್ಮ ಚೌಡಕ್ಕನ ಕಡೆ ತಿರುಗಿದಳು. "ಈಕಿ ಅಲ್ಲಿ ಏನ್ಮಾಡ್ತಿದ್ಲು? ಅಷ್ಟೊತ್ನಾಗ?"

ಚೌಡಕ್ಕ ತಲೆ ತಗ್ಗಿಸಿದಳು. ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು. ಹೊರಗೆ ಬೆಂಚಿನ ಮೇಲೆ ನಮ್ಮ ಕಡೆಯ ಊರಿನವರು ಇಬ್ಬರು ಕುಳಿತು ಕೇಳಿಸಿಕೊಳ್ಳುತ್ತಿದ್ದರು. ಅವಳ ಮುಖ ಅವರ ಕಡೆ ಹೋಗಿ ಬಂತು.

"ಆಯಾಕ ಬಂದಿದ್ಲು," ಎಂದೆ ನಾನು. "ನಮ್ಮ ಹೊಲ ಅದು. ಇನ್ನು ಆಯ್ದುಕೋ ಬಾ ಅಂತ ನಾನ ಹೇಳಿದ್ದೆ ಆಕಿಗೆ. ಮಗನಿಗೆ ಹೇಳೋದು ಮರೆತಿದ್ದೆ."

ಪಾಲಾಕ್ಷ ನನ್ನ ಕಡೆ ತಿರುಗಿದ. ನಾನು ಕರೆಸಿಕೊಂಡವಳ ಮೇಲೆ ಅವನು ಹಾರಿಸಿದ ಎಂದಾದರೆ ಅವನ ತಪ್ಪು ಇನ್ನಷ್ಟು ದೊಡ್ಡದಾಗುತ್ತದೆ. ನನಗೆ ಅದು ಗೊತ್ತಿತ್ತು. ಅವನಿಗೂ ಗೊತ್ತಾಯಿತು. ಅವನು ನರ್ಸಮ್ಮನ ಕಡೆ ತಿರುಗಿ, "ಹೌದ್ರಿ," ಎಂದ.

ಗಾಲಿಮಂಚದ ಮೇಲೆ ಚೌಡಕ್ಕನನ್ನು ಒಳಗೆ ಒಯ್ಯುವಾಗ ನನ್ನ ಕೈ ಹಿಡಿದವಳು ಬಾಗಿಲ ತನಕ ಬಿಡಲಿಲ್ಲ.

ಡಾಕ್ಟರು ಬಂದರು. ಒಳಗಿರುವ ಚರೆಗಳನ್ನು ತೆಗೆಯಬೇಕು, ನಂಜು ಏರಿದೆ, ಕಾಲು ಉಳಿಯಬಹುದು, ಇನ್ನೂ ತಡ ಮಾಡಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು. ಠಾಣೆಗೆ ಫೋನು ಹೋಯಿತು. ಮನೆಗೆ ಹೋಗಿ ಬಂದೂಕು, ಲೈಸೆನ್ಸು, ಆ ಮದ್ದಿನ ಡಬ್ಬಿ ಎಲ್ಲವನ್ನೂ ನಾನೇ ತಂದು ಒಪ್ಪಿಸುತ್ತೇನೆ ಎಂದು ಫೋನಿನಲ್ಲೇ ಠಾಣೆಯವರಿಗೆ ಹೇಳಿದೆ. ಆಮೇಲೆ ಬೊಮ್ಮಪ್ಪನಿಗೆ ಫೋನು ಮಾಡಿ, ಇವತ್ತಿನಿಂದ ನಮ್ಮ ಹೊಲದ ಕಡೆಯೂ ಒಂದು ಕಣ್ಣಿಡು, ಹಂದಿ ಓಡಿಸಲು ನಾನು ತಮಟೆ ಹಿಡಿದು ಬರುತ್ತೇನೆ ಎಂದೆ. "ತಮಟೀನ? ಬಂದೂಕು ಎಲ್ಲಿ ಹೋತು ಅತ್ತಿಗಿ?" ಎಂದ. ಮನೆಗೆ ಬಂದು ಹೇಳುತ್ತೇನೆ ಎಂದೆ.

ಪಾಲಾಕ್ಷ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದ. ಅವನ ಬೆನ್ನು ಈಗ ಬಿಗಿಯಾಗಿರಲಿಲ್ಲ, ಸಡಿಲಾಗಿ ಬಾಗಿತ್ತು. ಪೊಲೀಸರು ಬರಲು ಎಷ್ಟು ಹೊತ್ತಾಗುತ್ತದೋ, ಬಂದ ಮೇಲೆ ಅವನನ್ನು ಎಲ್ಲಿ ಕೂರಿಸುತ್ತಾರೋ, ಊಟ ಕೊಡುತ್ತಾರೋ ಇಲ್ಲವೋ, ನನಗೆ ಒಂದೂ ಗೊತ್ತಿರಲಿಲ್ಲ. ನಿನ್ನೆಯಿಂದ ಅವನು ಸರಿಯಾಗಿ ತಿಂದಿರಲಿಲ್ಲ ಎಂಬುದು ಮಾತ್ರ ಗೊತ್ತಿತ್ತು.

ಎದುರಿನ ಹೋಟೆಲಿನಿಂದ ಮಂಡಕ್ಕಿ ಒಗ್ಗರಣೆ ಕಟ್ಟಿಸಿಕೊಂಡು ಬಂದೆ. ಅವನ ಪಕ್ಕದಲ್ಲಿ ಕುಳಿತು ಪೊಟ್ಟಣ ಬಿಚ್ಚಿದೆ.

"ಹಸಿವಿಲ್ಲವ್ವ."

"ಬಾಯಿ ತೆಗಿ," ಎಂದೆ.

ಅವನು ಬಾಯಿ ತೆರೆದ.